ಬಾಯಿ ಮುಚ್ಚದ ವಾಲ್ವು

ಆ ವರ್ಷದ ಮಾಗಿ ಚಳಿ ಎಂಥದ್ದೆಂದರೆ, ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ಎಳನೀರು ಕುಡಿಯಬೇಕಾದವರು ಕಾಯಿಯನ್ನು ಮೊದಲು ಒಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳಬೇಕಾಗಿತ್ತು. ಹುಂಜಗಳು ಮಂಕರಿಯ ಕೆಳಗೆ ಮುದುರಿಕೊಂಡು "ಇವತ್ತು ನೀನು ಕೂಗು, ನಾಳೆ ನಾನು ಕೂಗ್ತೀನಿ" ಎಂದು ಸರದಿ ಹಾಕಿಕೊಂಡಿದ್ದವು.

ಅಂಥ ಚಳಿಯಲ್ಲೂ ಬೆಳಗಿನ ಆರಕ್ಕೆ ಕಾರು ಹೊರಗೆ ತೆಗೆಯುತ್ತಿದ್ದವಳು ಶಿವರುದ್ರಮ್ಮ. ವಯಸ್ಸು ಐವತ್ತೆಂಟು. ಗಂಡ ಇದ್ದಷ್ಟು ಕಾಲ ಆ ಕಾರಿನಲ್ಲಿ ಆಕೆಗೆ ಸಂದದ್ದು ಹಿಂದಿನ ಸೀಟು, ಅದೂ ಹಿಂಡಿ ಮೂಟೆಯ ಪಕ್ಕ. ಆತ ತೀರಿಕೊಂಡ ವರ್ಷ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತೆಂಗಿನ ಸಾಲುಗಳ ನಡುವೆ ತಾನೇ ಓಡಿಸಿ ಕಲಿತಳು. ಮೊದಮೊದಲು ಕಾರು ಮರಗಳಿಗೆ ಗುದ್ದುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಮರಗಳೇ ಹಾರನ್ ಕೇಳಿ ಪಕ್ಕಕ್ಕೆ ಸರಿಯುವುದನ್ನು ಕಲಿತವು. ಆಮೇಲೆ ಲೈಸೆನ್ಸು. ಅಲ್ಲಿಂದಾಚೆಗೆ ಹುಳಿಯಾರಿನ ಅಕ್ಕನ ಮನೆಗಾಗಲಿ, ತಿಪಟೂರಿಗಾಗಲಿ, ಸುಮ್ಮನೆ ಬೇಜಾರಾಯಿತೆಂದಾಗಲಿ, "ಯಾರಾದ್ರೂ ಕರ್ಕೊಂಡು ಹೋಗ್ರಪ್ಪ" ಎಂದು ಒಬ್ಬರ ಮುಖ ನೋಡಿದವಳಲ್ಲ.

ಆ ಕಾರಿಗೇ ಈಗ ಕುತ್ತು ಬಂದಿತ್ತು. ಬುಧವಾರ ಬೆಳಿಗ್ಗೆ ಮೈದುನ ಶಂಭುಲಿಂಗಯ್ಯನನ್ನು ಕೂರಿಸಿಕೊಂಡು ಹೊರಟರೆ, ತುರುವೇಕೆರೆ ಮುಟ್ಟುವುದರೊಳಗೆ ಕಾರು ಮೂರು ಸಲ ನಡುಗಿ ನಿಂತಿತು. ಹೀಟರ್ ಹಾಕಿದರೆ ಹಿಮಾಲಯದ ಗಾಳಿ. ಮುಂದಿನ ಗಾಜಿಗೆ ಮಂಜು ಕಟ್ಟಿ, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಸೆರಗು ಹಿಡಿದು ಒರೆಸುತ್ತಾ ಹೋಗಬೇಕಾಯಿತು.

"ಇನ್ನು ಇದು ಗುಜರಿಗೇ ಕಣತ್ತಿಗೆ," ಎಂದ ಶಂಭುಲಿಂಗಯ್ಯ, ಅಲ್ಲೇ ಗುಜರಿಯವನಿಗೆ ಫೋನ್ ಮಾಡಿ ಮುಗಿಸಿ. "ಭಾನುವಾರ ಬಂದು ತಗೊಂಡು ಹೋಯ್ತಾನೆ. ನೀವು ಎಲ್ಲಿಗಾದ್ರೂ ಹೋಗ್ಬೇಕಾದ್ರೆ ಒಂದು ಮಾತು ಹೇಳಿ, ನಂಗೆ ಬಿಡುವಾದಾಗ ಬೈಕಲ್ಲಿ ಬಿಟ್ಟು ಬತ್ತೀನಿ."

"ನಿಂಗೆ ಬಿಡುವಾಗೋದು ಇಸ್ಪೀಟು ಮುಗಿದ್ಮೇಲಲ್ವಾ? ಅಷ್ಟೊತ್ತಿಗೆ ನಾನು ನಡ್ಕೊಂಡೇ ಹೋಗಿ ಬಂದಿರ್ತೀನಿ," ಎಂದಳು ಶಿವರುದ್ರಮ್ಮ.

ಆದರೆ ಒಳಗೊಳಗೆ ಆಕೆಗೆ ಗೊತ್ತಿತ್ತು. ಕಾರು ಹೋದರೆ ಉಳಿದ ಆಯುಷ್ಯವೆಲ್ಲ ಈ ಮನುಷ್ಯನ ಬಿಡುವು ಕಾಯುವುದೇ.

ಆಕೆ ಒಂದು ಸಂಗತಿ ಗಮನಿಸಿದ್ದಳು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಷ್ಟು ಓಡಿಸಿದರೂ ತಳ ಬಿಟ್ಟು ಏಳುತ್ತಿರಲಿಲ್ಲ. ಗುರುವಾರ ರೇಡಿಯೇಟರ್ ಮುಂದೆ ಕೊಬ್ಬರಿಯ ಗೋಣಿಚೀಲ ಕಟ್ಟಿ ಓಡಿಸಿ ನೋಡಿದಳು. ಮುಳ್ಳು ಹಾಗೂ ಹೀಗೂ ಒಂದು ಬೆರಳಷ್ಟು ಎದ್ದಿತು. ಅಂದಮೇಲೆ ಇಂಜಿನ್ ಮುದಿಯಾಗಿಲ್ಲ, ಅದಕ್ಕೆ ಚಳಿ ಹಿಡಿದಿದೆ! ಚೀಲವನ್ನೂ ಬಿಚ್ಚದೆ ನೇರ ತುರುವೇಕೆರೆಯ ಮೆಕ್ಯಾನಿಕ್ ರಂಗರಾಜುವಿನ ಶೆಡ್ಡಿಗೆ ನುಗ್ಗಿಸಿದಳು.

ರಂಗರಾಜು ಮುಳ್ಳು ನೋಡಿ ಕೈ ಮುಗಿದ. "ಬೇರೆಯೋರ ಗಾಡಿ ಕುದ್ದು ಸಾಯ್ತವೆ ಅಕ್ಕಾ. ನಿಮ್ದು ನೋಡಿ, ಹೊಟ್ಟೆ ತಣ್ಣಗೆ ಇಟ್ಕೊಂಡದೆ. ಪುಣ್ಯ ಮಾಡಿದ್ದೀರಾ."

"ಹೊಟ್ಟೆ ತಣ್ಣಗಿರ್ಲಿ ಅಂತ ಹರಸೋದು ಮನುಷ್ಯರಿಗೆ ಕಣ್ಲಾ, ಇಂಜಿನ್ನಿಗಲ್ಲ. ಬಿಸಿಯಾಗೋವರ್ಗೂ ನೀರು ರೇಡಿಯೇಟರ್ ಕಡೆ ಹೋಗ್ದಂಗೆ ತಡೆಯೋ ಬಾಗಿಲು ಒಳಗೆ ಯಾವ್ದಾದ್ರೂ ಇದ್ಯಾ ಇಲ್ವಾ, ಅದು ಹೇಳು."

"ಅದೆ. ಥರ್ಮೋಸ್ಟಾಟು ಅಂತ ಒಂದು ವಾಲ್ವು. ಅದು ಫಾರಿನ್ ಚಳಿಗೆ ಕಣಕ್ಕ. ನಮ್ಮ ಕಡೆ ಕೆಟ್ರೆ ಕಿತ್ತು ಬಿಸಾಕ್ತೀವಿ, ಇನ್ನೊಂದು ಹಾಕಲ್ಲ. ಹಾಕಿದ್ರೆ ಬ್ಯಾಸಗೇಲಿ ಕುದಿಯುತ್ತೆ."

"ಫಾರಿನ್ ಚಳಿ ಮಾಯಸಂದ್ರಕ್ಕೇ ಬಂದು ಕೂತದಲ್ಲಪ್ಪ, ಅದನ್ನ ಯಾವಾಗ ಬಿಸಾಕ್ತೀಯಾ?"

ಶುಕ್ರವಾರ ಬಸ್ಸು ಹತ್ತಿ ತಿಪಟೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಜಾಲಾಡಿ, ನಿಂಬೆಹಣ್ಣಿನ ಗಾತ್ರದ ಹೊಸ ವಾಲ್ವು ತಂದಳು. ಶನಿವಾರ ಬೆಳಿಗ್ಗೆ ರಂಗರಾಜುವನ್ನು ಮನೆಗೇ ಕರೆಸಿ ಹಳೆಯದನ್ನು ಬಿಚ್ಚಿಸಿದಳು. ಆಮೇಲೆ ಅವನನ್ನೂ ಶಂಭುಲಿಂಗಯ್ಯನನ್ನೂ ಬಚ್ಚಲಮನೆಗೆ ಕರೆದು, ಎರಡೂ ವಾಲ್ವುಗಳಿಗೆ ದಾರ ಕಟ್ಟಿ ತಣ್ಣೀರಿನ ಹಂಡೆಯೊಳಗೆ ಇಳಿಬಿಟ್ಟಳು. ಹೊಸದು ಬಾಯಿ ಬಿಗಿದುಕೊಂಡಿತ್ತು. ಹಳೆಯದು ತಣ್ಣೀರಿನಲ್ಲೂ ಆ ಎಂದು ತೆರೆದೇ ಇತ್ತು.

ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಕರಟ ತುರುಕಿ ಉರಿ ಹಾಕಿದಳು. ಹೊಗೆಗೆ ಮೂವರೂ ಅತ್ತ ಕಣ್ಣೀರಿಗೆ ಹಂಡೆಯಲ್ಲಿ ನೀರು ನಾಲ್ಕು ಬೆರಳು ಏರಿತು. ನೀರು ಕುದಿಯಲು ಬಂದಾಗ ಹೊಸ ವಾಲ್ವು ಮೆಲ್ಲಗೆ ಬಾಯಿ ತೆರೆಯಿತು.

"ನೋಡ್ದೇನಪ್ಪ ರಂಗರಾಜು? ಬ್ಯಾಸಗೇಲಿ ಕಾದ್ರೆ ತಾನೇ ತೆರ್ಕೋತದೆ. ತಣ್ಣಗಿದ್ದಾಗ ಮುಚ್ಕೊಂಡಿರೋದು ಅದ್ರ ಮರ್ಯಾದೆ. ಹಳೇದು ನೋಡು, ಹೊತ್ತುಗೊತ್ತಿಲ್ದೆ ಬಾಯಿ ತೆಕ್ಕೊಂಡೇ ಅದೆ."

"ಅತ್ತಿಗೆ, ಅದನ್ನ ನನ್ನ ನೋಡ್ಕೊಂಡು ಯಾಕೆ ಹೇಳ್ತೀರಾ?" ಎಂದ ಶಂಭುಲಿಂಗಯ್ಯ.

"ವಾಲ್ವಿನ ವಿಷ್ಯ ಕಣಯ್ಯ. ನೀನ್ಯಾಕೆ ಮೈಮೇಲೆ ಹಾಕ್ಕೋತೀಯಾ?"

ರಂಗರಾಜು ನಗು ನುಂಗಿಕೊಂಡು ಹೊಸದನ್ನು ಕೂರಿಸಿ, ನೀರು ತುಂಬಿಸಿ ಹೋದ.

ಶಂಭುಲಿಂಗಯ್ಯ ಮಾತ್ರ ಗುಜರಿಯವನಿಗೆ ಬರಬೇಡ ಎನ್ನಲಿಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ಹಗ್ಗ, ಸಲಾಕೆ ಸಮೇತ ಟೆಂಪೋ ಬಂದು ಬಾಗಿಲಲ್ಲಿ ನಿಂತಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅದನ್ನು ಮಚ್ಚಿನಲ್ಲಿ ಕೊಚ್ಚಿಕೊಂಡು ದಾರಿ ಮಾಡಬೇಕಿತ್ತು.

"ತುರುವೇಕೆರೆವರ್ಗೂ ಒಂದು ಸಲಾನೂ ನಿಲ್ದೆ ಹೋಗ್ಲಿ, ಆಮೇಲೆ ಮಾತಾಡಿ," ಎಂದು ಮೈದುನ ಪಕ್ಕದಲ್ಲಿ ಕೂತ. "ನೀನು ಹಿಂದ್ಗಡೆ ಬಾರಪ್ಪ, ಎಲ್ಲಿ ನಿಲ್ತದೋ ಅಲ್ಲೇ ಎತ್ತಾಕ್ಕೋ," ಎಂದು ಟೆಂಪೋದವನಿಗೂ ಹೇಳಿದ.

ಶಿವರುದ್ರಮ್ಮ ಕೀ ತಿರುಗಿಸಿ ಹೊರಟಳು. ಹಿಂದೆ ಗುಜರಿ ಟೆಂಪೋ ಹದ್ದಿನ ಹಾಗೆ ಬೆನ್ನು ಹತ್ತಿತು. ಮೊದಲ ಮೈಲಿಯಲ್ಲಿ ಮುಳ್ಳು ಮಲಗೇ ಇತ್ತು. ಎರಡನೆಯದರಲ್ಲಿ ಮುಳ್ಳು ಮಗ್ಗುಲು ಬದಲಿಸಿತು. ಆಮೇಲೆ ನಿಧಾನವಾಗಿ ಏರಿ, ನಟ್ಟನಡುವೆ ಬಂದು ನಿಂತಿತು. ಹೀಟರಿನ ಗಾಳಿ ಬೆಚ್ಚಗಾಗಿ, ಗಾಜಿನ ಮಂಜು ಅಂಚಿನಿಂದ ಕರಗುತ್ತಾ ಕರಗುತ್ತಾ ಇಡೀ ರಸ್ತೆ ತೆರೆದುಕೊಂಡಿತು. ಒಂದು ಕೆಮ್ಮಿಲ್ಲ, ನಡುಕವಿಲ್ಲ. ತುರುವೇಕೆರೆ ಬಂತು.

"ಸಾಕು ಬುಡಿ ಅತ್ತಿಗೆ," ಎಂದ ಶಂಭುಲಿಂಗಯ್ಯ ಕಿಟಕಿಯಾಚೆ ನೋಡುತ್ತಾ. "ಒಪ್ಕೊಂಡೆ. ಗಾಡಿ ತಿರುಗಿಸಿ."

"ನೀನು ಒಪ್ಕೊಳ್ಳಲಿ ಅಂತ ಹೊಂಟಿದ್ನೇನಯ್ಯ ನಾನು? ಅಕ್ಕನ್ನ ನೋಡ್ಬೇಕು ಅನ್ನಿಸ್ತು, ಹುಳಿಯಾರಿಗೆ ಹೋಯ್ತಾ ಇವ್ನಿ."

"ಹುಳಿಯಾರಿಗಾ? ನಂಗೆ ಮನೇಲಿ ಕೆಲ್ಸ ಅದೆ!"

ಶಿವರುದ್ರಮ್ಮ ರಸ್ತೆ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು, ಇಂಜಿನ್ ಮಾತ್ರ ಆರಿಸಲಿಲ್ಲ. "ಇಳ್ಕೊ ಹಂಗಾದ್ರೆ. ಹಿಂದ್ಗಡೆ ಟೆಂಪೋ ಖಾಲಿ ಬತ್ತಾ ಅದೆ. ಪಾಪ, ಅಷ್ಟು ದೂರದಿಂದ ಬಂದವ್ನೆ, ಒಂದು ಹಳೇ ಸಾಮಾನಾದ್ರೂ ಸಿಗ್ಲಿ."