ಲಾರಿಯ ಬೆನ್ನಿಗೆ ಕಟ್ಟಿದ ಮನೆ

ಬೆಂಗೇರಿಯ ನಮ್ಮ ಮನೆಯ ಎದುರಿಗೆ ಇಸ್ತ್ರಿ ಮಾಡುವವನೊಬ್ಬ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಬೆಳಗಾದ ಕೂಡಲೇ ಇದ್ದಲಿಗೆ ಬೆಂಕಿ ಹಚ್ಚಿ, ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಾನೆ. ಮೊದಲು ಬರುವುದು ಹಸಿ ಹೊಗೆ, ಅದು ಕಣ್ಣಿಗೆ ಹತ್ತುತ್ತದೆ. ಇದ್ದಲಿ ಕೆಂಪಾದ ಮೇಲೆ ಬರುವ ವಾಸನೆ ಬೇರೆ. ಅದು ಮೂಗಿಗಿಂತ ಗಂಟಲಿಗೆ ತಿಳಿಯುತ್ತದೆ. ಓಣಿಯವರು ಅವನನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಒಂದು ಕಾಲಕ್ಕೆ ನನ್ನ ಸಂಸಾರ ನಡೆದದ್ದೇ ಆ ವಾಸನೆಯ ಹಿಂದೆ. ಮುಂದೆ ಇದ್ದಲಿಯಿಂದ ಓಡುವ ಲಾರಿ, ಅದರ ಹಿಂದೆ ಕೊಂಡಿ ಹಾಕಿ ಕಟ್ಟಿದ ನಮ್ಮ ಮನೆ.

ನಗಬೇಡಿ. ನಗುವುದಾದರೆ ನನ್ನ ಅಕ್ಷರ ನೋಡಿ ನಗಿರಿ. ನಾನು ಸಾಲೆಗೆ ಹೋದವಳಲ್ಲ. ಮಗಳು ಹೋದಾಗ ಅವಳ ಪಾಟಿಯ ಮೇಲೆ ಅವಳು ಬರೆದದ್ದರ ಕೆಳಗೆ ನಾನೂ ತಿದ್ದಿ ಕಲಿತದ್ದು ಇಷ್ಟು. ಒತ್ತಕ್ಷರ ಎಲ್ಲಿ ಕೂಡಿಸಬೇಕೋ ಅಲ್ಲಿ ಕೂಡುವುದಿಲ್ಲ. ಅದನ್ನು ಅವಳು ಸರಿ ಮಾಡುತ್ತಾಳೆ.

ಜರ್ಮನಿಯವರ ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಚೀಟಿಗೆ ಬಂದಿತ್ತು, ಚೀಟಿ ಇದ್ದವರಿಗೂ ಸಿಗುತ್ತಿರಲಿಲ್ಲ. ಮೋಟಾರಿನವರೆಲ್ಲ ಗಾಡಿಯ ಬೆನ್ನಿಗೆ ಆಳೆತ್ತರದ ತಗಡಿನ ಒಲೆ ಕಟ್ಟಿಸಿ, ಇದ್ದಲಿ ಸುಟ್ಟು, ಅದರ ಹೊಗೆಯ ಬಲದಿಂದ ಓಡಿಸುತ್ತಿದ್ದರು. ನಮ್ಮ ಮನೆಯವರದೂ ಅಂಥದೇ ಒಂದು. (ಗಂಡನ ಹೆಸರು ಬರೆಯುವುದಿಲ್ಲ. ಬಾಯಿಯಿಂದ ಆಡದೇ ಇದ್ದದ್ದನ್ನು ಕೈಯಿಂದ ಯಾಕೆ ಬರೆಯಲಿ?) ಅದನ್ನು ಲಾರಿ ಎಂದು ಕರೆದದ್ದು ನಮ್ಮ ದೊಡ್ಡಸ್ತಿಕೆ. ಯಾರೋ ಸಾಹುಕಾರರು ಹತ್ತಿ ಬಿಟ್ಟ ಹಳೆಯ ಕಾರು ಅದು. ಅದರ ಹಿಂಭಾಗ ಕೊಯ್ದು ಹಾಕಿ, ಹಲಗೆ ಹೊಡೆದು, ಅರ್ಧ ಟನ್ನಿನ ಗಾಡಿ ಎಂದು ಮಾಡಿದ್ದರು. ಅದರಲ್ಲಿ ಹತಾರ ಹೇರಿಕೊಂಡು ಇವರು ಊರೂರಿಗೆ ಹೋಗಿ ಹಿಟ್ಟಿನ ಗಿರಣಿಗಳ ಎಂಜಿನ್ನು ರಿಪೇರಿ ಮಾಡುತ್ತಿದ್ದರು. ಸುಗ್ಗಿ ಬಂದರೆ ಮನೆ ಕಡೆಗೆ ತಿಂಗಳುಗಟ್ಟಲೆ ಮುಖವಿಲ್ಲ.

ನಾನು ಉಪ್ಪಿನಬೆಟಗೇರಿಯಲ್ಲಿ ಮಾವನ ಮನೆಯಲ್ಲಿರುತ್ತಿದ್ದೆ. ಅತ್ತೆ ಇರಲಿಲ್ಲ. ನಮ್ಮ ಮೊದಲ ಕೂಸು ಗಂಡು. ಇವರು ನವಲಗುಂದದ ಆಚೆ ಯಾವುದೋ ಗಿರಣಿಯಲ್ಲಿದ್ದಾಗ ಅದಕ್ಕೆ ಜ್ವರ ಬಂತು. ಹೇಳಿ ಕಳಿಸಿದ್ದು ಹೋಗಿ ಮುಟ್ಟುವುದರೊಳಗೆ ಕೂಸನ್ನು ಮಣ್ಣು ಮಾಡಿ ಆಗಿತ್ತು. ಬಂದವರು ಹೊಸ್ತಿಲಲ್ಲಿ ನಿಂತು, "ಜ್ವರ ಯಾವಾಗ ಬಂದಿತ್ತು?" ಎಂದು ಕೇಳಿದರು.

"ಮನ್ಯಾಗ ಇದ್ದಿದ್ರ ಗೊತ್ತಾಗತಿತ್ತು," ಅಂದೆ. ಆಮೇಲೆ ಬಹಳ ದಿನ ನಾವು ಮಾತಾಡಲಿಲ್ಲ.

ಮರುವರ್ಷ ಮತ್ತೆ ಬಸುರಾದೆ. ಸುಗ್ಗಿ ಸಮೀಪಿಸಿತು. ಇವರು ಹತಾರಕ್ಕೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಹೇಳಿದೆ, "ಈ ಸಲ ನೀವು ಹ್ವಾದಲ್ಲೆ ನಾನೂ ಬರ್ತೇನಿ. ನೀವಿಲ್ಲದ ಮನ್ಯಾಗ ನಾ ಹಡಿಯೂದಿಲ್ಲ."

"ಬಂದು ಎಲ್ಲಿರ್ತಿ? ಗಿರಣಿ ಕಟ್ಟಿ ಮ್ಯಾಲ ಮಲಗ್ತಿಯೇನು?"

"ನೀವು ಮಲಗೂದಿಲ್ಲೇನು?"

"ನಾ ಗಂಡಸು."

"ಕೂಸು ನಿಮ್ಮದೂ ಐತೆಲ್ಲ."

ಮಾವ ಅಂಗಳದಲ್ಲಿ ಬಂಡಿಯ ಗಾಲಿಗೆ ಅರ ಕೂಡಿಸುತ್ತಿದ್ದರು. ಬಡಗಿ ಕೆಲಸದವರು, ಸುತ್ತಿನ ಊರುಗಳ ಚಕ್ಕಡಿಗಳೆಲ್ಲ ಅವರ ಕೈಯಲ್ಲಿ ಹುಟ್ಟಿದಂಥವು. ತಲೆ ಎತ್ತದೆಯೇ ಅಂದರು, "ಮನಿ ಬಿಟ್ಟು ಹೋಗಬ್ಯಾಡ್ರಿ. ಮನೀನ ಕಟಗೊಂಡ ಹೋಗ್ರಿ. ಹೊರಸ ಹಿಡಿಯೂವಷ್ಟು ಮನಿ ನಾ ಮಾಡಿಕೊಡ್ತೇನಿ."

ಮಾವನದು ಮಾತು ಕಡಿಮೆ, ಸಿಟ್ಟು ಹೆಚ್ಚು. ಆ ಸಿಟ್ಟು ಎತ್ತುಗಳ ವಿಷಯಕ್ಕೆ ಮಾತ್ರ. ರಿಪೇರಿಗೆಂದು ಬಂಡಿ ತಂದವನ ಎತ್ತಿನ ಹೆಗಲು ಬಾತಿದ್ದರೆ ಬಂಡಿ ಮುಟ್ಟುತ್ತಿರಲಿಲ್ಲ. "ಆ ನೊಗಾ ತಗದು ನಿನ್ನ ಹೆಗಲಿಗೆ ಹಾಕ್ಲೇನು? ಭಾರ ಮುಂದ ಹೇರಿ ಬಂದಿ ನೋಡು, ಮೂಳಾ!" ಎಂದು ಎಂಥ ಗೌಡನಿಗೂ ಹೇಳಿಬಿಡುವವರು. ಬಂಡಿಯಿಂದ ಮುಂದಕ್ಕೆ ಚಾಚಿದ ಮರಕ್ಕೆ ನಾವು ಮೂಕಿ ಅನ್ನುತ್ತೇವೆ. ಹೇರು ತುಂಬಿದ ಮೇಲೆ ಅವರು ಮೂಕಿಯ ತುದಿಯನ್ನು ಅಂಗೈಯಲ್ಲಿ ಎತ್ತಿ ನೋಡುತ್ತಿದ್ದರು. ಅದು ಕೈ ಮೇಲೆ ಸುಮ್ಮನೆ ಕೂತಿರಬೇಕು, ಒತ್ತಬಾರದು. ಒತ್ತಿದರೆ ಚೀಲವನ್ನು ಹಿಂದಕ್ಕೆ ಸರಿಸುವುದು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ, ಆದರೆ ಅವರಷ್ಟು ಹಟದಿಂದ ಮಾಡಿದವರನ್ನು ನಾನು ಕಂಡಿಲ್ಲ.

ಮನೆ ಎದ್ದಿತು. ಎರಡು ಮೋಟಾರಿನ ಗಾಲಿ, ಅದರ ಮೇಲೆ ಮತ್ತಿ ಮರದ ಚೌಕಟ್ಟು, ಬಿದಿರಿನ ತಟ್ಟಿಯ ಗೋಡೆ, ಮೇಲೆ ತಾಡಪತ್ರಿ. ಮುಂದೆ ಕೊಂಡಿಗೆ ಸಿಕ್ಕಿಸಲು ಬಂಡಿಗಿರುವಂಥದೇ ಮೂಕಿ, ಸುತ್ತಿ ಕಟ್ಟುವ ಒಂದು ಪರದೆ. ನಾನು ಮೂರು ಸಲ ಹತ್ತಿ ಇಳಿದು ನೋಡಿದೆ. ನನ್ನ ಮನೆ ಎಂದು ಹೇಳಲಿಕ್ಕೆ ನನಗೆ ಸಿಕ್ಕ ಮೊದಲನೆಯದು ಅದೇ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹಸನಸಾಬರೆಂದು ಒಬ್ಬ ಮೇಸ್ತ್ರಿ ಇದ್ದರು. ಇವರಿಗೆ ಮೋಟಾರು ಕೆಲಸ ಕಲಿಸಿದವರು. ಕೊಂಡಿ ಕೂಡಿಸಲು ಅವರೇ ಊರಿಗೆ ಬಂದರು. ಮನೆಯ ಸುತ್ತ ಒಂದು ಸುತ್ತು ಹಾಕಿದರು, ಒಳಗೆ ಇಣುಕಿದರು, ಗಡ್ಡ ಕೆರೆದುಕೊಂಡರು.

"ಯಾರದಪಾ ಈ ಅರಮನಿ? ಇಷ್ಟು ಸಾಮಾನು ಎಳಿಯಾಕ ರೈಲು ಬೇಕ."

"ಅರ್ಧ ಟನ್ನಿನ ಗಾಡಿ ಐತಲ್ರಿ ಕಾಕಾ," ಅಂದರು ಇವರು.

"ಅರ್ಧ ಟನ್ ಅಂದ್ರ ಅದರ ಬೆನ್ನ ಮ್ಯಾಲಿನ ಮಾತು, ತಮ್ಮಾ. ಅದರಾಗ ಒಲಿ ಎಷ್ಟ ತಿಂತು? ಇದ್ದಲಿ ಚೀಲ ಎಷ್ಟ ತಿಂದ್ವು? ನೀವಿಬ್ರೂ ಹತ್ತಿ ಕುಂತ್ರ ಏನ ಉಳೀತು?"

"ಎಳಿಯೂದು ಬ್ಯಾರೆ ಅಲ್ಲೇನ್ರಿ?"

"ಎಳೀತೈತಿ. ಏರಿನಾಗ ತೇಕತೈತಿ, ಆದ್ರೂ ಎಳೀತೈತಿ. ಪೆಟ್ರೋಲಿನ ಕಸುವು ಇದ್ದಲಿಗಿಲ್ಲ, ಅದು ನೆನಪಿರ್ಲಿ. ಇಳಕಲದಾಗ ನಿಂದ್ರಸೂದು ಹ್ಯಾಂಗ? ಬ್ರೇಕು ಮುಂದಿನ ಗಾಡಿಗಷ್ಟ ಐತಿ. ಹಿಂದಿನ ಮನಿ ನಿನ್ನ ಮಾತ ಕೇಳ್ತೈತೇನು? ಮುಂದಿನದಕ್ಕಿಂತ ಹಿಂದಿನದು ಹಗುರ ಮಾಡ್ರಿ, ಆಮ್ಯಾಲೆ ಮಾತಾಡೋಣು."

ಅರಳೆ ತೂಗುವ ದೊಡ್ಡ ತಕ್ಕಡಿಯನ್ನು ತಂದು ಬೇವಿನ ಮರಕ್ಕೆ ತೂಗುಹಾಕಿದರು. ನನ್ನ ಸಂಸಾರ ಒಂದೊಂದಾಗಿ ಅದರಲ್ಲಿ ಕೂತಿತು. ಬೀಸುವ ಕಲ್ಲು ಇಳಿಯಿತು. ಗಿರಣಿಯವನ ಹೆಂಡತಿಗೆ ಬೀಸುವ ಕಲ್ಲು ಯಾಕೆ ಎಂದರು, ಸರಿ ಅಂದೆ. ಒರಳು ಇಳಿಯಿತು, ತಾಮ್ರದ ಹಂಡೆ ಇಳಿಯಿತು, ಹೊರಸು ಇಳಿದು ಚಾಪೆ ಹತ್ತಿತು.

"ಇನ್ನ ಅಕ್ಕಾರ್ನ ಒಂದೀಟು ತಕ್ಕಡ್ಯಾಗ ಕುಂದರಸ್ರಿ," ಅಂದರು ಹಸನಸಾಬರು.

"ಮೊದಲ ನಿಮ್ಮ ಗಡ್ಡಾ ತೂಗ್ರಿ ಕಾಕಾ. ಅದರಾಗ ಎಷ್ಟು ಗ್ರೀಸ್ ಐತೆಂತ ತಿಳೀಲಿ," ಅಂದೆ. ಮಾವ ನಕ್ಕರು. ಅವರ ಹಲ್ಲು ಕಾಣುವುದು ಅಪರೂಪ.

ಕೊನೆಗೆ ಉಳಿದದ್ದು ತೊಟ್ಟಿಲು. ಮೊದಲ ಕೂಸಿಗೆಂದು ಮಾವ ಮಾಡಿದ ಸಾಗವಾನಿ ತೊಟ್ಟಿಲು. ಅದನ್ನು ತಕ್ಕಡಿಗೆ ಹಾಕಲು ಯಾರೂ ಮುಂದೆ ಬರಲಿಲ್ಲ. ನಾನೇ ಎತ್ತಿ ಮಾವನ ಮನೆಯ ಒಳಗೆ ಇಟ್ಟು ಬಂದೆ. "ಹೊಸಾ ಕೂಸು ಸೀರಿ ಜೋಳಿಗ್ಯಾಗ ಮಲಗತೈತಿ. ಮುಂದಿಂದ ನೋಡ್ರಿ," ಅಂದೆ.

ಹೇರಿದವರು ಮಾವ. ಸಾಮಾನಿನಲ್ಲೆಲ್ಲ ಭಾರವಾದದ್ದು ಇವರ ಹತಾರದ ಕಬ್ಬಿಣದ ಪೆಟ್ಟಿಗೆ. ಇವರು ಅದನ್ನು ಮುಂದಿಟ್ಟರು, ಮಾವ ಹಿಂದಕ್ಕೆ ನೂಕಿದರು.

"ಯಪ್ಪಾ, ಮುಂದಿದ್ರ ಕೈಗೆ ಸಿಗತೈತಿ."

"ಗಾಡಿ ಬೆನ್ನ ನೋಡೋ. ಒಲಿ ಹೊತ್ತು ಮೊದಲ ಕುಸದೈತಿ. ಅದರ ಮ್ಯಾಲ ಮೂಕಿ ಒತ್ತಿದ್ರ ತಡೀತೈತೇನು?"

"ಅದೇನು ಎತ್ತೇನು?"

"ಎತ್ತಾದ್ರ ಒದೀತಿತ್ತು. ಇದಕ್ಕ ಒದಿಯಾಕ ಬರೂದಿಲ್ಲಂತ ಹೇಳೂದು."

ಹಸನಸಾಬರು ಬಗ್ಗಿ, ಕುಸಿದ ಸ್ಪ್ರಿಂಗ್ ಪಟ್ಟಿ ನೋಡಿ, "ಹಿರ್ಯಾರ ಮಾತು ಖರೇ ಐತಿ," ಅಂದರು. ಮಾವ ಮೂಕಿಯನ್ನು ಅಂಗೈಯಲ್ಲಿ ಎತ್ತಿ ನೋಡಿದರು. ಹೂವಿನ ಹಾಗೆ ಎದ್ದಿತು. ಆ ಹೊತ್ತಿಗೆ ಅಲ್ಲಿದ್ದ ನಮಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಇಂಥ ಮನೆಯನ್ನು ಮೋಟಾರಿಗೆ ಕಟ್ಟಿ ಎಳೆದವರು ನಮ್ಮಲ್ಲಿ ಯಾರಿದ್ದರು?

ಹೊರಟೆವು. ಹುಬ್ಬಳ್ಳಿಯವರೆಗೆ ಗಾಲಿ ಹೇಗೆ ತಿರುಗುತ್ತವೆ ನೋಡಿ ಬರುತ್ತೇನೆಂದು ಮಾವ ಹಿಂದೆ ಮನೆಯೊಳಗೆ ಕೂತರು. ನಾನು ಮುಂದೆ ಇವರ ಪಕ್ಕದಲ್ಲಿ. ಬೆನ್ನ ಹಿಂದೆ ಒಂದು ಕಿಂಡಿ ಇತ್ತು, ಒಲೆಯ ಪಕ್ಕದಿಂದ ನೋಡಿದರೆ ಪರದೆ ಸುತ್ತಿದ ಮನೆಯ ಒಳಗೆಲ್ಲ ಕಾಣುತ್ತಿತ್ತು. ಧಾರವಾಡದವರೆಗೆ ಏರು. ಒಲೆ ಬುಸುಗುಟ್ಟುತ್ತ ಎಳೆಯಿತು. ಧಾರವಾಡ ದಾಟಿ ಹುಬ್ಬಳ್ಳಿಯ ಕಡೆಗೆ ರಸ್ತೆ ಇಳಿಯತೊಡಗಿತು. ನಾನು ತಿರುಗಿ ನೋಡಿದೆ. ನಡುವೆ ಕೂತಿದ್ದ ಮಾವ ಎದ್ದು, ತಟ್ಟಿ ಹಿಡಿದುಕೊಂಡು, ಹಿಂದಕ್ಕೆ ಸರಿದು ತೀರ ಕಡೆಗೆ ಹೋಗಿ ಕೂತರು.

ನಿಮಗೆ ಚಕ್ಕಡಿಯ ರೂಢಿ ಇಲ್ಲದಿದ್ದರೆ ಇದು ತಿಳಿಯುವುದಿಲ್ಲ. ಇಳಕಲು ಬಂದರೆ ಬಂಡಿ ಮುಂದಕ್ಕೆ ಬಾಗಿ, ಭಾರವೆಲ್ಲ ಎತ್ತಿನ ಹೆಗಲಿಗೆ ಬೀಳುತ್ತದೆ. ಅದಕ್ಕೇ ಕೂತವರೆಲ್ಲ ಹಿಂದಕ್ಕೆ ಸರಿಯುತ್ತಾರೆ. ಯಾರೂ ಹೇಳಬೇಕಾಗಿಲ್ಲ, ಹಾಲು ಕುಡಿಯುವ ಕೂಸನ್ನು ಹಿಡಿದವಳೂ ಸರಿಯುತ್ತಾಳೆ. ನಾನೂ ತವರಿನ ಬಂಡಿಯಲ್ಲಿ ಹಾಗೆ ಸರಿದೇ ಬೆಳೆದವಳು. ಮಾವ ಸರಿದದ್ದನ್ನು ಕಂಡು, ಸರಿ, ಎಂದುಕೊಂಡು ಮುಂದೆ ತಿರುಗಿದೆ.

ಆಗ ನಮ್ಮ ಗಾಡಿಯ ಹಿಂಭಾಗವನ್ನು ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗಾಯಿತು. ಮನೆ ಎಡಕ್ಕೆ ಹೊಯ್ದಾಡಿತು, ಬಲಕ್ಕೆ ಹೊಯ್ದಾಡಿತು, ಪ್ರತಿ ಸಲ ಮೊದಲಿಗಿಂತ ಹೆಚ್ಚು. ನಾಯಿ ಬಾಲ ಅಲ್ಲಾಡಿಸುವುದಲ್ಲ, ಬಾಲವೇ ನಾಯಿಯನ್ನು ಅಲ್ಲಾಡಿಸಿದಂತೆ. ಇವರು ಬ್ರೇಕು ಒತ್ತಿದರು. ಮನೆ ಹಿಂದಿನಿಂದ ಬಂದು ನೂಕಿತು, ಅಡ್ಡ ತಿರುಗಿತು, ಕೊಂಡಿ ಕಿತ್ತುಕೊಂಡು ಮಗುಚಿತು. ನಾವು ಇಳಿದು ಓಡುವಷ್ಟರಲ್ಲಿ ಗಾಲಿಗಳು ಮೇಲಾಗಿ ಇನ್ನೂ ತಿರುಗುತ್ತಿದ್ದವು. ಮಾವನ ಸೊಂಟದ ಮೇಲೆ ಹತಾರದ ಪೆಟ್ಟಿಗೆ ಬಿದ್ದಿತ್ತು.

ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಬೆನ್ನು ಮುರಿದಿದೆ, ಮನೆಗೆ ಒಯ್ಯಿರಿ ಅಂದರು. ಒಯ್ದೆವು. ಮಾವನಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ, ತಲೆ ಮಾತ್ರ ನೆಟ್ಟಗಿತ್ತು. ಇವರು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಒಳಗೆ ಬಂದು ಅಪ್ಪನ ಮುಖ ನೋಡಲೊಲ್ಲರು. "ನಾ ಬ್ರೇಕ್ ಒತ್ತಬಾರದಿತ್ತು," ಇದೊಂದೇ ಮಾತು.

ಹಸನಸಾಬರು ಮುರಿದ ಕೊಂಡಿಯನ್ನು ತಂದು ಮಾವನ ಹಾಸಿಗೆಯ ಮೇಲೆ ಇಟ್ಟರು. ಮಾವ ಅದನ್ನು ಹೆಬ್ಬೆರಳಿನಿಂದ ಸವರಿದರು. ಕಟ್ಟಿಗೆಯ ನಾರು ನೋಡುವಾಗಲೂ ಅವರು ಹಾಗೆಯೇ ಸವರುತ್ತಿದ್ದರು. ಕೇಳಿದರು, "ಸಾಬರ, ಇದು ಮ್ಯಾಲಕ್ಕ ಬಾಗೇತೆಲ್ಲ?"

"ಹೌದ್ರಿ. ಅದನ್ನ ತೋರಸಾಕ ತಂದೆ."

"ಒತ್ತಿ ಮುರದಿಲ್ಲ ಇದು. ಎದ್ದು ಮುರದೈತಿ." ಆಮೇಲೆ ನನ್ನನ್ನು ಕರೆದರು. "ನಾ ಹಿಂದ ಸರದದ್ದು ನೀ ನೋಡಿದೇನವಾ?"

"ನೋಡೇನ್ರಿ."

"ಹಂಗಾರ ಅವಗ ಹೇಳು. ಬ್ರೇಕಿನಿಂದಲ್ಲ ಅಂತ ಹೇಳು. ನಾ ಹೇಳಿದ್ರ ತಂದಿ ಮಗನ್ನ ಸಂತೈಸಾಕತ್ತಾನಂತಾನ. ನೀ ಹೇಳಿದ್ರ ನಂಬತಾನ, ನಿನಗ ಸಂತೈಸಾಕ ಬರೂದಿಲ್ಲ."

ಅದು ಖರೇ. ಹೊರಗೆ ಹೋಗಿ ಹೇಳಿದೆ: ಪೆಟ್ಟಿಗೆ ಹಿಂದಿತ್ತು, ಮಾವನೂ ಹಿಂದಕ್ಕೆ ಸರಿದರು, ಆ ಭಾರಕ್ಕೆ ಮೂಕಿ ಮೇಲೆದ್ದು ಗಾಡಿಯ ಬೆನ್ನನ್ನು ಎತ್ತಿತು, ಬ್ರೇಕು ಒತ್ತುವ ಮೊದಲೇ. ಇವರು ನನ್ನ ಮುಖ ನೋಡಿದರು, ಎದ್ದು ಒಳಗೆ ಹೋಗಿ ಅಪ್ಪನ ಕಾಲ ಹತ್ತಿರ ಕೂತರು. ಮಾವ ಅಂದರು, "ಪೆಟಗಿ ಮುಂದ ಇಡ್ರಿ. ಮೂಕಿ ಕೊಂಡಿ ಮ್ಯಾಲ ಒತ್ತಿ ಕುಂದರಬೇಕ. ಒಲಿ, ಇದ್ದಲಿ ಚೀಲ ಒಂದೀಟು ಮುಂದಕ್ಕ ತಗೋರಿ, ಅಂದ್ರ ಬೆನ್ನ ಕುಸಿಯೂದಿಲ್ಲ. ಇಬ್ಬರೂ ಹೋಗ್ರಿ. ಇಕೀನ ಬಿಟ್ಟು ಹೋಗಬ್ಯಾಡ." ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

ದಿನಕರ್ಮ ಮುಗಿಯಿತು. ಊರವರು ನನ್ನೆದುರಿಗೇ ಅಂದರು, ಇಕಿಯ ಹಟದಿಂದ ಮುದುಕ ಹೋದ ಅಂತ. ಇವರಂತೂ, "ಆ ಬಂಡಿ ಒಡದು ಒಲಿಗೆ ಹಾಕ್ತೇನಿ," ಅಂದರು.

"ಹಾಕ್ರಿ. ನೀವು ಸುಗ್ಗಿಗೆ ಹೋಗ್ರಿ. ನಾ ಇಲ್ಲೆ ಒಬ್ಬಾಕಿನ ಹಡೀತೇನಿ. ಏನರ ಆದ್ರ ಹೇಳಿ ಕಳಸ್ತೇನಿ," ಅಂದೆ.

ಅವತ್ತು ಅವರು ಉಣ್ಣಲಿಲ್ಲ. ಮರುದಿನ ಹಸನಸಾಬರನ್ನು ಕರೆತಂದು ಕೊಂಡಿಯನ್ನು ಹೊಸದಾಗಿ ಬಡಿಸಿದರು, ಒಲೆಯನ್ನು ಮುಂದಕ್ಕೆ ಕೂಡಿಸಿದರು. ಹತಾರದ ಪೆಟ್ಟಿಗೆಯ ಒಂದು ತುದಿ ನಾನು ಹಿಡಿದೆ, ಒಂದು ಅವರು. ಮುಂದಿನ ಗೋಡೆಗೆ ತಾಗಿಸಿ ಇಟ್ಟೆವು. ಮೂಕಿಯನ್ನು ನಾನು ಅಂಗೈಯಲ್ಲಿ ಎತ್ತಿ ನೋಡಿದೆ. ಕೈ ಕೆಳಗೆ ಹೋಯಿತು. ಎತ್ತಿನ ಹೆಗಲು ಆಗಿದ್ದರೆ ಬಾತುಹೋಗುತ್ತಿತ್ತು. ಅದೇ ಇಳಕಲಿನಲ್ಲಿ ಮನೆ ನೆಟ್ಟಗೆ ಹಿಂದೆ ಬಂತು. ಇವರು ನಿಧಾನವಾಗಿ ಇಳಿಸಿದರು. ನಾನು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

ಮಗಳು ಅದರೊಳಗೇ ಹುಟ್ಟಿದಳು, ಕುಂದಗೋಳದ ಕಡೆ ಒಂದು ಗಿರಣಿಯ ಹಿಂದೆ. ಸೂಲಗಿತ್ತಿಯನ್ನು ಕರೆತಂದವರು ಇವರು, ನೀರು ಕಾಸಿದವರು ಇವರು. ಎಂಜಿನ್ನು ಅರ್ಧ ಬಿಚ್ಚಿ ಹಾಗೇ ಬಿಟ್ಟಿದ್ದರಿಂದ ಊರಿನವರು ಹಿಟ್ಟಿಲ್ಲದೆ ಬೈದರು. ಕೂಸಿಗೆ ಜ್ವರವೂ ಬಂತು ಒಂದು ಸಲ. ರಾತ್ರಿಯೆಲ್ಲ ಇವರ ತೊಡೆಯ ಮೇಲೆ ಇತ್ತು. ಉಳಿಯಿತು.

ಇಷ್ಟು ಬರೆದು ಮಗಳ ಕೈಗೆ ಕೊಟ್ಟೆ. ಅವಳಿಗೂ ಈಗ ತಲೆ ಬೆಳ್ಳಗಾಗಿದೆ. ಬಂಡಿಯೊಳಗೆ ಹುಟ್ಟಿದ್ದು ಅವಳಿಗೆ ಗೊತ್ತಿತ್ತು. ಅಜ್ಜನಿಗೆ ಸಾಯುವ ದಿನದವರೆಗೂ ಮೋಟಾರಿಗೂ ಎತ್ತಿಗೂ ಇರುವ ಭೇದ ತಿಳಿಯಲಿಲ್ಲವಂತೆ ಎಂದು ನೆಂಟರು ನಗುವಾಗ ಅವಳೂ ನಗುತ್ತಿದ್ದಳು, ನಾನು ಸುಮ್ಮನಿರುತ್ತಿದ್ದೆ. ಇಂಥದ್ದನ್ನು ಬರೆದರೆ ಎದೆ ಹಗುರಾಗುತ್ತದೆ ಎಂದು ಓದಿದವರು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆದರೆ ಇನ್ನು ಮೇಲೆ ಆ ನಗುವಿನ ಎದುರಿಗೆ ನಾನು ಸುಮ್ಮನಿರುವುದಿಲ್ಲ. ಮಾವ ಹಿಂದೆ ಸರಿದದ್ದು ಮುಂದೆ ಇದ್ದ ನಮಗೆ ಭಾರವಾಗಬಾರದೆಂದು. ಇಷ್ಟು ಹೇಳಿದರೆ ಸಾಕು.

ಅವಳು ಪೆನ್ಸಿಲು ಹಿಡಿದು ಓದತೊಡಗಿದಳು. ಮೊದಲು ಒತ್ತಕ್ಷರ ತಿದ್ದಿದಳು, ಆಮೇಲೆ ತಿದ್ದುವುದನ್ನು ಬಿಟ್ಟಳು. ಓದಿ ಮುಗಿದ ಮೇಲೂ ಕಾಗದ ಕೆಳಗಿಡಲಿಲ್ಲ.

"ಯವ್ವಾ, ನಾ ಒಬ್ಬಾಕಿ ಹುಟ್ಟಾಕ ಇಷ್ಟೆಲ್ಲಾ ಆತೇನಬೇ?"

"ಆತು," ಅಂದೆ. "ಏಳು, ಚಾಕ್ಕ ಇಡು."

ಎದ್ದಳು. ಒಲೆಯ ಮುಂದೆ ಬಹಳ ಹೊತ್ತು ನಿಂತಳು. ಚಹಾ ಉಕ್ಕಿ ಚೆಲ್ಲಿದ ಸಪ್ಪಳ ಕೇಳಿಸಿತು.