ಒಬ್ಬರ ಪಾಲು ಹೆಚ್ಚಿಗೆ

ಸತ್ತವರು ಬರುತ್ತಾರೆ, ಸುಳಿವು ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಊಟಕ್ಕೆ ಏನು ಮಾಡಿದ್ದಿರಿ ಎಂದು ನಾನು ಕೇಳುತ್ತಿದ್ದೆ. ಹೊಟ್ಟೆ ಕೆಟ್ಟವರಿಗೆ ಏನೇನೋ ಕಾಣುತ್ತದೆ ಎನ್ನುವುದು ನನ್ನ ಮತ. ಮೂವತ್ತು ವರ್ಷ ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕೆತ್ತಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಡೆಯದು, ಅಳತೆ ಹಿಡಿದು ನೋಡಿಯೇ ಒಪ್ಪುವ ಕೆಲಸ. ಅಂಥವನು ಬರೆದ ಈ ಸಂಗತಿ ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ.

ನನ್ನ ಲೇತಿನ ಗೋಡೆಯಾಚೆ ಫೌಂಡ್ರಿ ಇತ್ತು. ಅಲ್ಲಿ ನನ್ನ ಗೆಳೆಯ ಇಮಾಮಸಾಬ ಮರಳಿನಲ್ಲಿ ಅಚ್ಚು ಕಟ್ಟುತ್ತಿದ್ದ. ಅವನ ಹತ್ತಿರ ಅಲ್ಯೂಮಿನಿಯಂನ ಒಂದು ಮಿಲಿಟರಿ ನೀರಿನ ಬಾಟಲಿ, ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಎರಕ ಬಿಚ್ಚಿ ಹಿತ್ತಲಿನ ಬಯಲಲ್ಲಿ ಸುರಿದ ಮರಳು ಎಷ್ಟೋ ಹೊತ್ತು ಸುಡುತ್ತಲೇ ಇರುತ್ತದೆ. ಬಾಟಲಿಗೆ ನೀರು, ಚಹಾಪುಡಿ, ಬೆಲ್ಲ ಹಾಕಿ, ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ಆ ಮರಳಿನಲ್ಲಿ ಹುಗಿದುಬಿಡುತ್ತಿದ್ದ. ನಾವು ಕೈ ತೊಳೆದು ಬರುವಷ್ಟರಲ್ಲಿ ಚಹಾ ಕುದಿಯುತ್ತಿತ್ತು. ಹಾಲಿನ ಮಾತೇ ಇಲ್ಲ. ಆದರೆ ಗವತಿ ಚಹಾದ ಎರಡು ಎಸಳು ಬೀಳದೆ ಅವನ ಚಹಾ ಆಗುತ್ತಿರಲಿಲ್ಲ. ನಿಂಬೆಯ ಹಾಗೆ ಘಮಘಮಿಸುವ ಆ ಹುಲ್ಲನ್ನು ಮನೆಯ ಹಿಂದೆ ಒಡೆದ ಬಕೆಟಿನಲ್ಲಿ ಬೆಳೆಸಿದ್ದ. ಅಂಗಿಯ ಕಿಸೆಯಲ್ಲಿ ಬೀಡಿಯ ಜೊತೆಗೆ ಅದೂ ಇರುತ್ತಿತ್ತು.

ವಾರದ ರಜೆಯ ದಿನ ನನ್ನ ಬೈಕಿನ ಮೇಲೆ ದೇಸೂರ ದಾಟಿ ಖಾನಾಪುರಕ್ಕೆ ಹೋಗುತ್ತಿದ್ದೆವು. ಊರಾಚೆ ಮಲಪ್ರಭೆಯ ದಂಡೆಯಲ್ಲಿ ಒಂದು ಮತ್ತಿಮರ, ಅದರ ಕೆಳಗೆ ಚಪ್ಪಟೆ ಬಂಡೆ. ಮೂರು ಕಲ್ಲು ಹೂಡಿ, ಒಣ ಪುಳ್ಳೆ ಹಚ್ಚಿ, ನಡುವೆ ಅದೇ ಬಾಟಲಿ ಇಡುವುದು. ಕುದಿ ಬಂದ ಮೇಲೆ ಕುತ್ತಿಗೆಗೆ ಸುತ್ತಿದ ತಂತಿ ಹಿಡಿದು ಇಳಿಸಿ, ಕಡ್ಡಿಯಿಂದ ಎರಡು ಸಲ ತಟ್ಟಿದರೆ ಪುಡಿ ತಳಕ್ಕೆ ಕೂರುತ್ತಿತ್ತು. ಬೆಳಗಿನ ಚಳಿ, ಹೊಳೆಯ ಮೇಲಿನ ಮಂಜು, ಹೊಗೆ ಹಿಡಿದ ಆ ಚಹಾ. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಕೇಳಿದರೆ ಅವನ್ನೇ ಹೇಳುತ್ತೇನೆ, ಹೆಂಡತಿ ಸಿಟ್ಟಾದರೂ ಸರಿ.

ನಾವು ಇಬ್ಬರೇ ಇದ್ದರೂ ಚಹಾ ಮೂವರದು, ಲೋಟವೂ ಮೂರು. ಅದು ಅವನ ಕಾಯಿದೆ. “ದೋಸ್ತ, ಅಡವ್ಯಾಗ ಚಹಾ ಕಾಸಿದ್ರ ಒಬ್ಬರ ಪಾಲು ಹೆಚ್ಚಿಗಿ ಇರಬೇಕು. ಘಮಾ ಹಿಡದು ಬರಾವ್ರು ಇರತಾರ,” ಎನ್ನುತ್ತಿದ್ದ. ಖರೇ ಹೇಳಬೇಕೆಂದರೆ ಯಾರಾದರೊಬ್ಬರು ಬರುತ್ತಲೂ ಇದ್ದರು. ಕಟ್ಟಿಗೆ ಆರಿಸುವವರು, ಮೀನು ಹಿಡಿಯುವವರು, ರೈಲು ಹಳಿ ನೋಡಿಕೊಳ್ಳುವವರು. “ನಿನ್ನ ಘಮಕ್ಕಲ್ಲೋ, ಹೊಗಿ ನೋಡಿ ಬರ್ತಾರ,” ಎಂದು ನಾನು ಕೆಣಕುತ್ತಿದ್ದೆ. “ಹೊಗಿ ಕಂಡ್ರ ಮಂದಿ ದೂರ ಹೋಗತಾರ, ಹತ್ತರ ಬರೂದಿಲ್ಲ,” ಎಂದು ಅವನು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಕೊನೆಯ ಸಲ ಹೋಗಿ ಬಂದಾಗ ತನ್ನ ಓಣಿಯ ಹತ್ತಿರ ಬೈಕಿನಿಂದ ಇಳಿದು, “ಬೆಲ್ಲ ಮುಗದೈತಿ, ಬರೂ ವಾರ ನೀ ತಾ,” ಅಂದ. ಹ್ಞೂಂ ಅಂದೆ. ಆ ವಾರವೇ ಊರಿಗೆ ಬೀಗ ಬಿತ್ತು. ಮುಂದೆ ಇಬ್ಬರಿಗೂ ಕೊರೊನಾ ಹತ್ತಿ ಬೇರೆ ಬೇರೆ ಆಸ್ಪತ್ರೆ ಸೇರಿದೆವು. ನಾನು ಮನೆಗೆ ಬಂದೆ, ಅವನು ಬರಲಿಲ್ಲ. ನನಗೆ ಸುದ್ದಿ ತಿಳಿದದ್ದು ನಾಲ್ಕು ದಿನದ ಮೇಲೆ. ಅಷ್ಟು ವರ್ಷ ಜೊತೆಗೆ ಕುಳಿತು ಚಹಾ ಕುಡಿದವನ ಮಣ್ಣಿಗೆ ನಾನು ಹೋಗಲಿಲ್ಲ. ಆ ಸಂಕಟ ಈಗಲೂ ಎದೆಯಲ್ಲಿದೆ.

ಆ ಬೇನೆ ನನ್ನ ಮೂಗನ್ನೂ ಕೊಂದಿತು. ವಾಸನೆ ಹೋದದ್ದು ಇವತ್ತಿಗೂ ಮರಳಿಲ್ಲ. ಊದಿನಕಡ್ಡಿಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಇಮಾಮಸಾಬನ ಚಹಾ ಹೇಗಿತ್ತೆಂದು ನೆನೆಯಲು ಕುಳಿತರೂ ಘಮ ನೆನಪಿಗೆ ಬಾರದು. ಅವನು ಎರಡನೆಯ ಸಲ ಹೋದ ಹಾಗಾಯಿತು ನನಗೆ.

ಅವನ ಹೆಂಡತಿ ಮಗಳ ಮನೆಗೆ ಹೊರಟಾಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. “ನೀವ ಇಟ್ಕೋರಿ. ನನ್ನ ಕಣ್ಣಮುಂದ ಇದ್ರ ದಿನಾ ಅಳೂದ ಆಗತೈತಿ.” ಬಕೆಟಿನ ಹುಲ್ಲು ನೀರಿಲ್ಲದೆ ಆಗಲೇ ಒಣಗಿ ಹೋಗಿತ್ತು. ನನ್ನ ಹೆಂಡತಿ ಬಾಟಲಿಯನ್ನು ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತೊಳೆದಳು. ಒಮ್ಮೆ ಮನೆಯಲ್ಲೇ ಅದರಲ್ಲಿ ಚಹಾ ಕಾಯಿಸಿ, ಗವತಿ ಚಹಾದ ವಾಸನೆ ಏನಾದರೂ ಇದೆಯೇ ಎಂದು ಅವಳನ್ನು ಕೇಳಿದೆ. “ಏನೂ ಇಲ್ಲರೀ, ಬರೇ ಬೆಲ್ಲದ ಚಹಾ,” ಅಂದಳು.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ಒಬ್ಬನೇ ಹೋದೆ. ಕೊಟ್ಟ ಮಾತಿನಂತೆ ಬೆಲ್ಲ ಒಯ್ದಿದ್ದೆ. ಗವತಿ ಚಹಾ ಒಯ್ಯಲಿಲ್ಲ. ಸತ್ತ ಮೂಗಿಗೆ ಅದರ ಶೋಕಿ ಬೇರೆ ಯಾಕೆ ಎನ್ನುವ ಸಿಟ್ಟು. ಕಲ್ಲು ಹೂಡಿದೆ, ಕುದಿಸಿದೆ, ಬಗ್ಗಿಸಿದೆ. ಬಗ್ಗಿಸಿದ ಮೇಲೆ ನೋಡುತ್ತೇನೆ, ಬಂಡೆಯ ಮೇಲೆ ಮೂರು ಲೋಟ. ನನಗೊಂದು, ಬರುವವರಿಗೊಂದು, ಎರಡು ಸಾಕಿತ್ತು. ಕೈ ತನ್ನ ರೂಢಿಯಂತೆ ಅವನ ಪಾಲನ್ನೂ ಹಾಕಿಬಿಟ್ಟಿತ್ತು. ಅಲ್ಲಿ ಕುಳಿತು ಅತ್ತೆ.

ಅಷ್ಟರಲ್ಲಿ ಆಚೆ ದಿಬ್ಬದಿಂದ ಎರಡು ಎಮ್ಮೆ ಹೊಡೆದುಕೊಂಡು ಒಬ್ಬ ಗೌಳಿ ಮುದುಕಿ ಇಳಿದು ಬಂದಳು. ಕಣ್ಣೊರೆಸಿಕೊಂಡು, “ಬರ್ರಿ ಆಯಿ, ಚಹಾ ತಗೋರಿ,” ಅಂದೆ. ಬಂಡೆಯ ಅಂಚಿನಲ್ಲಿ ಕುಳಿತು ಎರಡು ಗುಟುಕು ಕುಡಿದಳು.

“ಗವತಿ ಚಹಾ ಹಾಕೀರಿ, ಛಲೋ ಆಗೇತಿ. ಘಮಾ ಆ ದಿಬ್ಬದ ತನಕ ಬಂದಿತ್ತು. ಅದನ್ನ ಹಿಡದ ಬಂದ್ನಿ.”

“ಅದನ್ನ ಹಾಕಿಲ್ಲ, ಆಯಿ,” ಅಂದೆ.

“ನಾ ಯಾಕ ಸುಳ್ಳ ಹೇಳಲಿ? ನೀವ ಮೂಸಿ ನೋಡ್ರಿ.”

ಮೂಸಿ ನೋಡಿದೆ. ಮುಖಕ್ಕೆ ಬಿಸಿ ಹಬೆ ತಾಗಿತು, ಅಷ್ಟೇ.

ಮುದುಕಿ ಮೂರನೆಯ ಲೋಟದ ಕಡೆ ಕೈ ಮಾಡಿ, “ಇದು ಯಾರದು? ಆರಾಕತ್ತೈತಿ,” ಅಂದಳು. ನಮ್ಮ ದೋಸ್ತಂದು ಅಂದೆ. “ಹಂಗಾರ ಲಗೂನ ಕರೀರಿ,” ಎಂದು ಲೋಟ ಕೆಳಗಿಟ್ಟು ಎಮ್ಮೆಗಳ ಹಿಂದೆ ಹೋದಳು.

ನಾನು ಬಾಟಲಿಯನ್ನು ಬಂಡೆಯ ಮೇಲೆ ಬೋರಲು ಹಾಕಿ ಕೊಡವಿದೆ. ಚಹಾಪುಡಿ ಬಿಟ್ಟರೆ ಏನೂ ಬೀಳಲಿಲ್ಲ. ಸುತ್ತಲಿನ ಹುಲ್ಲನ್ನೆಲ್ಲ ಕಿತ್ತು ನೋಡಿದೆ, ಅದರಲ್ಲಿ ಗವತಿ ಚಹಾ ಇರಲಿಲ್ಲ. ಹಳೆಯ ಘಮ ಬಾಟಲಿಗೆ ಹತ್ತಿಕೊಂಡಿತ್ತು ಅನ್ನೋಣವೆಂದರೆ ಮನೆಯಲ್ಲಿ ಹೆಂಡತಿಗೆ ಯಾಕೆ ಬರಲಿಲ್ಲ? ಮುದುಕಿಯ ಕೈಗೇ ಆ ಹುಲ್ಲಿನ ವಾಸನೆ ಇತ್ತೇನೋ. ಇದ್ದರೂ ಇರಬಹುದು. ಆದರೆ ದಿಬ್ಬದ ತನಕ ಬಂದಿತ್ತು ಎಂದಳಲ್ಲ.

ಆಮೇಲೆಯೂ ಹೋಗುತ್ತಿದ್ದೇನೆ. ಬಂದವರಿಗೆಲ್ಲ ಚಹಾ ಕೊಟ್ಟು, ವಾಸನೆ ಹೇಗಿದೆ ಎಂದು ಕೇಳುತ್ತೇನೆ. ಒಬ್ಬ, ಬೆಲ್ಲ ಜಾಸ್ತಿ ಆಗಿದೆ ಅಂದ. ಎರಡು ತಿಂಗಳ ಮೇಲೆ ಆ ಮುದುಕಿಯೇ ಮತ್ತೆ ಸಿಕ್ಕಳು. ಕುಡಿದು, “ಅವತ್ತಿನಂಥಾದ್ದಲ್ಲ ಬಿಡ್ರಿ, ಇದು ಬರೇ ಚಹಾ,” ಅಂದಳು. ಇದಕ್ಕೆ ಯಾವ ಅಳತೆ ಹಿಡಿಯಬೇಕೋ ನನಗೆ ತಿಳಿದಿಲ್ಲ.

ಆ ಮೊದಲ ದಿನ ಮುದುಕಿ ಹೋದ ಮೇಲೆ ನಾನು ಮಾಡಿದ ಒಂದು ಕೆಲಸವನ್ನು ಹೆಂಡತಿಗೂ ಹೇಳಿಲ್ಲ. ಮೂರನೆಯ ಲೋಟವನ್ನು ಬಂಡೆಯ ಆ ತುದಿಗೆ, ಇಮಾಮಸಾಬ ಕೂರುತ್ತಿದ್ದಲ್ಲಿಗೆ ಸರಿಸಿದೆ. ಅಕ್ಕಪಕ್ಕ ಯಾರೂ ಇಲ್ಲದ್ದನ್ನು ನೋಡಿಕೊಂಡು, “ಬೆಲ್ಲಾ ತಂದೇನಿ, ದೋಸ್ತ,” ಎಂದು ಗಟ್ಟಿಯಾಗಿಯೇ ಹೇಳಿದೆ. ಚಹಾ ಪೂರಾ ಆರುವವರೆಗೆ ಅಲ್ಲೇ ಕುಳಿತಿದ್ದೆ.