ಚಂದಯ್ಯ ಅಳೆಯದೆ ಬಿಟ್ಟ ಸುಳಿ

ಬಸ್ರೂರಿನ ಚಂದಯ್ಯ ತೆಂಗಿನಮರ ಹತ್ತುವವ. ಮೇಲಿದ್ದಾಗ ಮಾತು ಕಡಿಮೆ. ಇಳಿದ ಮೇಲೆ ಅದರ ಬಾಕಿಯನ್ನೂ ಸೇರಿಸಿ ಆಡುತ್ತಾನೆ.

ಈ ಸಲ ಮಳೆ ಬಿಟ್ಟ ಮೇಲೆ ತೆಂಕು ದಿಕ್ಕಿನ ವಿಮಾನ ನಿಲ್ದಾಣಕ್ಕೆ ಒಬ್ಬ ಕಂಟ್ರಾಕ್ಟರ್ ಅವನನ್ನು ಕರೆದೊಯ್ದ. ರನ್‌ವೇ ಮುಗಿದಾಚೆ, ವಿಮಾನ ಏರುವ ದಾರಿಯಲ್ಲಿ, ತೆಂಗಿನ ಸಾಲು. ಗೊತ್ತುಮಾಡಿದ ಮಟ್ಟವನ್ನು ಯಾವ ಮರವೂ ಮೀರಬಾರದೆಂದು ನಿಯಮ. ಅಳೆಯುವ ಯಂತ್ರಕ್ಕೆ ಕಾಣದ ಮೂಲೆಯ ಮರಗಳಿಗೆ ಚಂದಯ್ಯ ಟೇಪು ಹಿಡಿದು ಹತ್ತಿದ, ಎತ್ತರ ಕೂಗಿ ಹೇಳಿದ. ಎಲ್ಲವೂ ಮಟ್ಟದೊಳಗೆ. ಒಂದನ್ನೂ ಕಡಿಯಲಿಲ್ಲ.

ಊರಿಗೆ ಬಂದವನು, ವಿಮಾನಗಳು ಇನ್ನು ಹಾರುವುದು ತನ್ನ ಅಪ್ಪಣೆಯಿಂದಲೇ ಎಂಬಂತೆ ನಮ್ಮ ಕಾಯಿ ಅಂಗಡಿಯಲ್ಲಿ ಕೂತ. ಏರುವಾಗ ಒಂದು ಎಂಜಿನ್ ಸತ್ತರೂ ಉಳಿದದ್ದರಲ್ಲೇ ಮರ ದಾಟಬೇಕು, ಮಟ್ಟ ಇಟ್ಟದ್ದು ಅದಕ್ಕೇ ಎಂದು ಅಲ್ಲಿನ ಆಫೀಸರು ಹೇಳಿದ್ದನ್ನೂ ವಿವರಿಸಿದ. ಮಾರನೆಯ ಮಧ್ಯಾಹ್ನ ಅವನ ಮಗಳು ದಿವ್ಯಾ ಕೂಸು ಎತ್ತಿಕೊಂಡು ಅದೇ ನಿಲ್ದಾಣದಿಂದ ಮುಂಬೈಗೆ ಹಾರುವವಳಿದ್ದಳು.

ಅಳತೆಯ ಮಾತು ಬಂದರೆ ವ್ಯಾಪಾರಿಯ ನಾಲಗೆ ಸುಮ್ಮನಿರುವುದಿಲ್ಲ.

"ಟೇಪು ಎಲ್ಲಿ ತನ್ಕ ಹಿಡ್ದಿ ಮಾರಾಯ?" ಎಂದೆ.

"ಗೊನೆ ತನ್ಕ, ಸಾವ್ಕಾರ್ರೆ. ಮೇಲಿಪ್ಪುದ್ ಬರೀ ಮಡ್ಲಲ್ದಾ?"

ನಮ್ಮಲ್ಲಿ ಕತ್ತಿ ಮುಟ್ಟುವಲ್ಲಿಗೆ ಮರ ಮುಗಿಯಿತು. ಮೇಲಿನ ಗರಿಯೆಲ್ಲ ಕಸ ಗುಡಿಸುವ ಹಿಡಿಸೂಡಿಯ ಲೆಕ್ಕ. ವಿಮಾನಕ್ಕೆ ಆ ಲೆಕ್ಕ ಗೊತ್ತಿಲ್ಲ. ಗರಿಗಳ ನಡುವಿನ ಎಳೆ ಸುಳಿ ಎಷ್ಟು ಮೇಲಿತ್ತು ಎಂದು ಕೇಳುವ ಮೊದಲೇ ಅವನು ಫೋನ್ ಕೈಗೆತ್ತಿಕೊಂಡಿದ್ದ.

ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಹೋಗಬೇಡ ಎಂದರೆ ಮಗಳು ನಕ್ಕಳು. ಬೆಳಿಗ್ಗೆ ಚಂದಯ್ಯ ಮೊದಲ ಬಸ್ಸು ಹಿಡಿದ. ಕುಂಭಾಶಿಯಲ್ಲಿ ಆನೆಗುಡ್ಡೆಯ ದೇವರ ಕಡೆ ಕೈಮುಗಿದ. ಬ್ರಹ್ಮಾವರದಲ್ಲಿ ಮೇಲೆಲ್ಲೋ ವಿಮಾನದ ಸದ್ದಾದಾಗ ಎದುರಿನ ಸೀಟನ್ನು ಗಟ್ಟಿಯಾಗಿ ಹಿಡಿದ. ವಿಮಾನ ನಿಲ್ದಾಣದ ಗೇಟಿನವರಿಗೆ ಕಂಡದ್ದು ಮಾತ್ರ ಅವನ ಸೊಂಟದ ಕತ್ತಿ. ಅದರ ವಿಚಾರಣೆಯಲ್ಲೇ ಹೊತ್ತು ಏರಿತು.

ಆಫೀಸರು ಬಂದು ಅವನು ಹೇಳಿದ್ದನ್ನೆಲ್ಲ ಕೇಳಿದ, ಬೈಯಲಿಲ್ಲ. ಮಟ್ಟ ಹಾಕುವಾಗಲೇ ಸ್ವಲ್ಪ ಸಂದು ಬಿಟ್ಟಿರುತ್ತೇವೆ, ಎರಡೂ ಎಂಜಿನ್ ಇದ್ದರೆ ಮರ ಲೆಕ್ಕಕ್ಕೇ ಇಲ್ಲ ಎಂದ.

"ಇಲ್ದಿರೆ?"

ಆಫೀಸರು ಅವನನ್ನು ಸಾಲಿನ ಎಲ್ಲಕ್ಕಿಂತ ಎತ್ತರದ ಮರದ ಬುಡಕ್ಕೆ ಕರೆದೊಯ್ದ. ಟೇಪು, ಬಿದಿರು ಕೋಲು ಕೊಟ್ಟು ಸುಳಿಯ ತುದಿ ತನಕ ಅಳೆಯಲು ಹೇಳಿದ.

ಚಂದಯ್ಯ ಮೇಲೆ ತಲುಪುವಾಗ ಮಧ್ಯಾಹ್ನದ ಮುಂಬೈ ವಿಮಾನ ಗುಡುಗುತ್ತ ಬಂತು. ಮರ ತಬ್ಬಿ ಕಣ್ಣು ಮುಚ್ಚಿದ. ಎಂಜಿನ್ ಒಂದೋ ಎರಡೋ ಎಂದು ಕಿವಿಗೊಟ್ಟ, ಗೊತ್ತಾಗಲಿಲ್ಲ. ಮಡಲುಗಳು ನಡುಗಿದವು, ಕೆಳಗಿನ ಕಾಂಡವೂ. ಸದ್ದು ನೆತ್ತಿಗೆ ಬಂತು, ನಿಂತಂತಾಯಿತು, ಕಡಲ ಬದಿಗೆ ಜಾರಿತು. ಕಣ್ಣು ಬಿಟ್ಟಾಗ ವಿಮಾನ ಎಷ್ಟೋ ಎತ್ತರದಲ್ಲಿ ಮಿನುಗುತ್ತಿತ್ತು.

ಆಮೇಲೆ ಬಿದಿರು ಎತ್ತಿ ಅಳೆದ. ಸುಳಿ ಮಟ್ಟ ಮೀರಿತ್ತು. ಮರ ಕಡಿಯುವ ತನಕ ಆ ದಿಕ್ಕಿಗೆ ಏರುವ ವಿಮಾನಗಳಿಗೆ ಭಾರ ಕಡಿಮೆ ಹೇರಬೇಕೆಂದು ಆಫೀಸರು ಅಲ್ಲಿಂದಲೇ ಫೋನು ಮಾಡಿದ. ನಮ್ಮ ಲಾರಿಯವರಿಗೂ ಈ ಬುದ್ಧಿ ಬರಲಿ.

ಇಳಿ ಎಂದರೆ ಚಂದಯ್ಯ ಇಳಿಯಲಿಲ್ಲ. ಕಾಲು ಬತ್ತಿಲ್ಲೆ ಎಂದ. ಕೊನೆಗೆ ನಿಲ್ದಾಣದ ಬೆಂಕಿ ಆರಿಸುವವರು ಏಣಿ ತಂದು, ಬೆರಳೊಂದೊಂದನ್ನೇ ಮರದಿಂದ ಬಿಡಿಸಿ, ಅವನನ್ನು ಕೆಳಗೆ ತಂದರು.